ಪ್ರತಿಕ್ರಿಯೆ: ಖುಲಾಸೆಯಾದವರನ್ನೇ ಕೇಳುಗರು ಕೊಲೆಗಾರ ಎನ್ನುತ್ತಿದ್ದರೆ

ಶಿರಸಿಯ ಹಳೆಯ ಕೊಲೆ ಕೇಸಿನ ನಿಮ್ಮ ಪಾಡ್‌ಕಾಸ್ಟ್ ಕೇಳಿದವರು, ಖುಲಾಸೆಯಾದ ವ್ಯಕ್ತಿಯ ಹೆಸರನ್ನೇ ಕಾಮೆಂಟಿನಲ್ಲಿ ಹಾಕುತ್ತಿರುವುದಕ್ಕೆ ಕಾರಣ ಬಹುಶಃ ಸಂಚಿಕೆಯ ಕೊನೆ. "ಹಾಗಾದರೆ ಕೊಂದವರು ಯಾರು?" ಎಂದು ಕೇಳಿ ನಿಲ್ಲಿಸಿದ್ದೇನೆ ಎಂದು ನೀವೇ ಬರೆದಿದ್ದೀರಿ. ಜನ ಅದಕ್ಕೆ ಉತ್ತರ ಕೊಡುತ್ತಿದ್ದಾರೆ.

ಮೊದಲು ಆ ಕಾಮೆಂಟುಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅಳಿಸಿ. ಯೂಟ್ಯೂಬಿನಲ್ಲಿ ಎಲ್ಲ ಕಾಮೆಂಟೂ ನೀವು ಒಪ್ಪಿದ ಮೇಲೆಯೇ ಕಾಣುವ ಹಾಗೆ ಸೆಟ್ಟಿಂಗ್ ಬದಲಿಸಿ. ಹೆಸರಿದ್ದದ್ದನ್ನು ಮಾತ್ರ ತೆಗೆದರೆ ಸಾಲದು. ಕಾರವಾರದ ಒಂದು ಕೇಸಿನಲ್ಲಿ ನಾನು ಹಾಗೆ ಮಾಡಿದ್ದೆ. "ಮೀನು ಮಾರ್ಕೆಟ್ ಹಿಂದಿನ ಗ್ಯಾರೇಜಿನವನು" ಎಂಬ ಒಂದು ಕಾಮೆಂಟ್ ಉಳಿದುಬಿಟ್ಟಿತ್ತು. ಮರುದಿನ ಆ ಗ್ಯಾರೇಜಿನವರ ಮಗಳು ಫೋನ್ ಮಾಡಿ ಅತ್ತಳು. ನಮ್ಮಂಥ ಸಣ್ಣ ಊರಲ್ಲಿ ಅಷ್ಟು ಗುರುತೇ ಜಾಸ್ತಿ.

ನಂತರ ತೀರ್ಪನ್ನು ಪೂರ್ತಿ ಓದಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸ್ ನಂಬರ್ ಅಥವಾ 16 ಅಕ್ಷರ-ಅಂಕಿಗಳ ಸಿಎನ್‌ಆರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ಹುಡುಕಿ. ಹಳೆಯದಾದರೆ ಸಿಗದೇ ಇರಬಹುದು, ಆಗ ವಕೀಲರ ಮೂಲಕ ಕೋರ್ಟಿನಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಹೈಕೋರ್ಟಿಗೆ ಮೇಲ್ಮನವಿ ಹೋಗಿತ್ತಾ ಎಂಬುದನ್ನೂ ನೋಡಿ.

ಖುಲಾಸೆ ಯಾಕಾಯಿತು, ಯಾವ ಸಾಕ್ಷ್ಯ ನಿಲ್ಲಲಿಲ್ಲ ಎಂಬುದನ್ನು ಎರಡು ನಿಮಿಷ ಹೇಳಿ ರೆಕಾರ್ಡ್ ಮಾಡಿ. ಅದನ್ನು ಸಂಚಿಕೆಯ ಶುರುವಿಗೇ ಸೇರಿಸಿ, ಕೊನೆಯ ಪ್ರಶ್ನೆ ತೆಗೆಯಿರಿ. ಯೂಟ್ಯೂಬಿನಲ್ಲಿ ಹಳೆಯ ವಿಡಿಯೋಗೆ ಹೊಸ ಮಾತು ಸೇರಿಸಲು ಆಗದು, ಅಲ್ಲಿ ಅದನ್ನು ತೆಗೆದು ಹೊಸದಾಗಿ ಹಾಕಬೇಕು. ವ್ಯೂಸ್ ಹೋದರೆ ಹೋಗಲಿ.

ನೀವೇ ಅವರ ಮೇಲೆ ಅನುಮಾನ ಬರುವ ಹಾಗೆ ಮಾತಾಡಿದ್ದರೆ ಮಾನನಷ್ಟದ ಪ್ರಶ್ನೆ ಬರಬಹುದು. ಹಾಗಿದ್ದರೆ ಇವತ್ತೇ ಸಂಚಿಕೆಯನ್ನು ಪ್ರೈವೇಟ್ ಮಾಡಿ, ಸ್ಕ್ರೀನ್‌ಶಾಟ್ ಹಿಡಿದು ವಕೀಲರನ್ನು ನೋಡಿ.