ಗಿರಾಕಿಯ ಮುಖ ನೋಡಿ ಬೆಲೆ ಕಟ್ಟಿ

ಈ ಸಂಚಿಕೆಗೆ ಆರಿಸಿದ ಪ್ರಶ್ನೆಗಳೆಲ್ಲ ‘ಮೂನ್‌ಲೈಟರ್’ ಎಂಬ ವಿಡಿಯೊ ಆಟದ ಸುತ್ತಲಿನವು. ಸ್ಪೇನಿನ ಡಿಜಿಟಲ್ ಸನ್ ತಯಾರಿಸಿದ ಈ ಅಂಗಡಿ ಆಟ 2018ರಲ್ಲಿ ಬಂತು. ರಿನೋಕಾ ಎಂಬ ಊರಿನ ಅಂಗಡಿಯವ ವಿಲ್ ರಾತ್ರಿ ಡಂಜನ್‌ಗೆ, ಅಂದರೆ ರಾಕ್ಷಸರಿರುವ ಕೋಣೆಗಳ ಜಾಲಕ್ಕೆ, ಇಳಿದು ಸರಕು ಹೊತ್ತು ತರುತ್ತಾನೆ, ಹಗಲು ತನ್ನ ಅಂಗಡಿಯಲ್ಲಿ ಮಾರುತ್ತಾನೆ. ನಿಂಟೆಂಡೊ ಸ್ವಿಚ್‌ನಲ್ಲಿ ಆಡುವವರಿಗೆಂದು ಈ ಉತ್ತರಗಳು.

ಪ್ರಶ್ನೆ: ಹೊಸ ಸರಕಿನ ಬೆಲೆ ಎಷ್ಟೆಂದು ಆಟ ಹೇಳುವುದೇ ಇಲ್ಲ. ಅಂದಾಜಿಗೆ ಹಾಕಿದರೆ ಒಂದೋ ಯಾರೂ ಮುಟ್ಟುವುದಿಲ್ಲ, ಇಲ್ಲವೇ ಕ್ಷಣದಲ್ಲಿ ಖಾಲಿ. ಸರಿಯಾದ ಬೆಲೆ ಹಿಡಿಯುವುದು ಹೇಗೆ?
– ಓದುಗರು, ಜಯನಗರ

ಉತ್ತರ: ಕ್ಷಣದಲ್ಲಿ ಖಾಲಿಯಾದರೆ ಖುಷಿಪಡಬೇಡಿ, ನೀವು ಅಗ್ಗಕ್ಕೆ ಕೊಟ್ಟಿದ್ದೀರಿ. ಗಿರಾಕಿ ವಸ್ತುವಿನ ಮುಂದೆ ನಿಂತಾಗ ತಲೆಯ ಮೇಲೆ ನಾಲ್ಕರಲ್ಲಿ ಒಂದು ಮುಖ ಮೂಡುತ್ತದೆ. ಕಣ್ಣರಳಿಸಿ ಹಿಗ್ಗಿದರೆ ಬೆಲೆ ತೀರಾ ಕಡಿಮೆ. ಸುಮ್ಮನೆ ಮುಗುಳ್ನಕ್ಕರೆ ಸರಿಯಾದ ಬೆಲೆ. ಮುಖ ಸಪ್ಪಗಾದರೆ ದುಬಾರಿ, ಆದರೂ ಕೊಳ್ಳುತ್ತಾನೆ. ಸಿಟ್ಟಾದರೆ ವಸ್ತುವನ್ನು ಅಲ್ಲೇ ಬಿಟ್ಟು ಹೊರಡುತ್ತಾನೆ.

ಅಂತರವನ್ನು ಅರ್ಧ ಅರ್ಧ ಮಾಡುತ್ತ ಹೋಗುವುದೇ ಒಳ್ಳೆಯ ದಾರಿ. ಉದಾಹರಣೆಗೆ 100ಕ್ಕೆ ಇಟ್ಟಾಗ ಸಿಟ್ಟು ಬಂತು ಎನ್ನಿ. 50ಕ್ಕೆ ಇಳಿಸಿ. ಹಿಗ್ಗಿದರೆ 75ಕ್ಕೆ ಏರಿಸಿ. ಅಲ್ಲಿ ಮುಖ ಸಪ್ಪಗಾದರೆ 62 ನೋಡಿ. ಮುಗುಳ್ನಗೆ ಸಿಕ್ಕ ಮೇಲೆ ಎರಡೆರಡು ನಾಣ್ಯ ಏರಿಸುತ್ತ ಹೋದರೆ ನಗೆ ಎಲ್ಲಿ ಮಾಯವಾಗುತ್ತದೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದೇ ನಿಮ್ಮ ಬೆಲೆ. ಅಂಗಡಿ ತೆರೆದಿರುವಾಗಲೇ ಬೆಲೆ ತಿದ್ದಬಹುದು, ಸಂಜೆಯವರೆಗೆ ಕಾಯಬೇಕಿಲ್ಲ. ಒಂದೇ ವಸ್ತು ಎರಡು ಮೂರು ಇದ್ದರೆ ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ಬೆಲೆಗೆ ಇಡಿ, ಒಂದೇ ದಿನದಲ್ಲಿ ಎರಡು ದಿನದ ಪರೀಕ್ಷೆ ಮುಗಿಯುತ್ತದೆ. ಕಂಡ ಮುಖಗಳನ್ನೆಲ್ಲ ವಿಲ್‌ನ ನೋಟ್‌ಬುಕ್ ಬರೆದಿಟ್ಟುಕೊಳ್ಳುತ್ತದೆ, ನೀವು ಬೇರೆ ಲೆಕ್ಕ ಇಡಬೇಕಾಗಿಲ್ಲ.

ಬಹಳ ಜನ ಎಡವುವುದು ಸಪ್ಪೆ ಮುಖದ ಹತ್ತಿರ. ಹೇಗೂ ಕೊಂಡನಲ್ಲ, ನಾಲ್ಕು ಕಾಸು ಹೆಚ್ಚೇ ಬಂತು ಎಂದು ಅದೇ ಬೆಲೆಗೆ ಮಾರುತ್ತ ಹೋಗುತ್ತಾರೆ. ಹಾಗೆ ಮಾಡಿದಾಗ ಆ ವಸ್ತುವಿನ ಬೇಡಿಕೆಯೇ ಬೀಳುತ್ತದೆ, ನಿನ್ನೆ ಮುಗುಳ್ನಗೆ ತಂದಿದ್ದ ಬೆಲೆಗೂ ಇವತ್ತು ಮುಖ ಸಿಂಡರಿಸುತ್ತಾರೆ. ಬೇಡಿಕೆ ಬಿದ್ದ ಸರಕನ್ನು ಕೆಲವು ದಿನ ಪೆಟ್ಟಿಗೆಯಲ್ಲಿಟ್ಟು ಬೇರೆಯದನ್ನು ಮಾರಿ. ಗಾಂಧಿ ಬಜಾರಿನಲ್ಲಿ ಹೂವಿನವರು ಹಬ್ಬದ ಮುನ್ನಾದಿನದ ದರವನ್ನು ಮರುದಿನ ಹೇಳುವುದಿಲ್ಲ. ಇಲ್ಲಿಯೂ ಹಾಗೆಯೇ: ಬೇಡಿಕೆ ಏರಿದ್ದರೆ ಬೆಲೆ ಏರಿಸಿ, ಇಳಿದಿದ್ದರೆ ಇಳಿಸಿ ಅಥವಾ ತಡೆದಿಡಿ.

ಇನ್ನೊಂದು ಮಾತು. ಕಮ್ಮಾರನ ಹತ್ತಿರ ಮುಂದೆ ಮಾಡಿಸಬೇಕೆಂದಿರುವ ಕತ್ತಿ, ಕವಚಗಳನ್ನು ಮೊದಲೇ ಗುರುತು ಹಾಕಿಡಿ. ಅದಕ್ಕೆ ಬೇಕಾದ ಸರಕಿನ ಮೇಲೆ ನಕ್ಷತ್ರ ಕಾಣುತ್ತದೆ, ಕೈತಪ್ಪಿ ಮಾರಿಬಿಡುವುದು ತಪ್ಪುತ್ತದೆ.

ಪ್ರಶ್ನೆ: ಚೀಲ ತುಂಬಿ ಊರಿಗೆ ಬಂದರೆ ಕೆಲವು ವಸ್ತು ಕಾಣೆಯಾಗಿರುತ್ತವೆ. ಆಟದಲ್ಲಿ ದೋಷವಿದೆಯೇ?
– ಓದುಗರು, ಮಲ್ಲೇಶ್ವರ

ಉತ್ತರ: ದೋಷವಲ್ಲ, ಶಾಪ. ಕೆಲವು ವಸ್ತುಗಳ ಮೇಲೆ ಪಕ್ಕದ ಖಾನೆಯತ್ತ ತೋರುವ ಗುರುತು ಇರುತ್ತದೆ. ನಾಶದ ಶಾಪವಿರುವುದು ಊರಿಗೆ ಮರಳಿದಾಗ ತಾನು ತೋರುತ್ತಿದ್ದ ಖಾನೆಯ ವಸ್ತುವನ್ನು ಅಳಿಸಿಬಿಡುತ್ತದೆ. ಅದನ್ನು ಚೀಲದ ಅಂಚಿಗೆ ಸರಿಸಿ ಗುರುತು ಹೊರಗೆ ತೋರುವಂತೆ ಇಡಿ, ಇಲ್ಲವೇ ಕಾಸಿಗೆ ಬಾರದ ವಸ್ತುವಿನತ್ತ ತಿರುಗುವಂತೆ ಕೂರಿಸಿ. ಕೆಲವು ಶಾಪಗಳು ಉಪಕಾರವನ್ನೂ ಮಾಡುತ್ತವೆ. ಒಂದು, ತಾನು ತೋರುವ ವಸ್ತುವನ್ನು ನೇರ ಮನೆಯ ಪೆಟ್ಟಿಗೆಗೆ ಕಳಿಸುತ್ತದೆ. ಅದರ ಬಾಯಿಗೆ ನಿಮ್ಮ ಅತಿ ಬೆಲೆಬಾಳುವ ಸರಕನ್ನೇ ಕೊಡಿ, ಆಮೇಲೆ ಸತ್ತರೂ ಅದು ಕ್ಷೇಮ. ಮೇಲಿನ ಅಥವಾ ಕೆಳಗಿನ ಸಾಲಿನಲ್ಲೇ ಇರಬೇಕು ಎಂದು ಹಟ ಹಿಡಿಯುವ ವಸ್ತುಗಳೂ ಇವೆ. ಪೆಟ್ಟು ತಿಂದರೆ ಒಡೆದುಹೋಗುವವೂ ಇವೆ.

ಚೀಲದಲ್ಲಿ ಇರುವುದು 20 ಖಾನೆ. ಮೇಲಿನ ಸಾಲಿನ 5 ಖಾನೆ ಜೇಬು ಇದ್ದಂತೆ, ಡಂಜನ್‌ನಲ್ಲಿ ಸತ್ತರೂ ಅಲ್ಲಿದ್ದದ್ದು ಉಳಿಯುತ್ತದೆ. ಉಳಿದ 15 ಖಾಲಿಯಾಗುತ್ತವೆ. ದುಬಾರಿ ಸರಕು ಜೇಬಿಗೆ, ಅಗ್ಗದ್ದು ಕೆಳಗೆ. ಚೀಲ ತುಂಬಿತೋ, ಅಗ್ಗದ್ದನ್ನು ಸರಕು ನುಂಗಿ ನಾಣ್ಯ ಕೊಡುವ ಕನ್ನಡಿಗೆ ಹಾಕಿ. ಅಂಗಡಿ ಬೆಲೆಗಿಂತ ಬಹಳ ಕಡಿಮೆ ನಾಣ್ಯ ಬರುತ್ತದೆ ನಿಜ, ಆದರೆ ಪದಕ ಬಳಸಿ ಊರಿಗೆ ಮರಳಲು ತೆರಬೇಕಾದ ನಾಣ್ಯಕ್ಕೆ ಅದೇ ಸಾಕಾಗಬಹುದು. ಆ ನಾಣ್ಯ ಉಳಿಸಲು ಹೋಗಿ, ಅರ್ಧ ಜೀವದಲ್ಲಿ ಮುಂದಿನ ಕೋಣೆಗೆ ನುಗ್ಗಿ 15 ಖಾನೆಯ ಸರಕು ಕಳೆದುಕೊಳ್ಳಬೇಡಿ.

ಪ್ರಶ್ನೆ: ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ ಮೆಟ್ರೊದಲ್ಲಿ ದಿನವೂ ಓಡಾಟ. ನಡುವೆ ಆಟ ನಿಲ್ಲಿಸಬೇಕಾಗುತ್ತದೆ, ಬ್ಯಾಟರಿಯೂ ಕೈಕೊಡುತ್ತದೆ. ಏನು ಮಾಡಲಿ?
– ಓದುಗರು, ವೈಟ್‌ಫೀಲ್ಡ್

ಉತ್ತರ: ಇಳಿಯುವಾಗ ಆಟವನ್ನು ಮುಚ್ಚಬೇಡಿ. ಪವರ್ ಬಟನ್ ಒಮ್ಮೆ ಒತ್ತಿ ಸ್ಲೀಪ್‌ಗೆ ಹಾಕಿ, ಎಲ್ಲಿ ಬಿಟ್ಟಿದ್ದಿರೋ ಅಲ್ಲಿಂದಲೇ ಎದ್ದೇಳುತ್ತದೆ. ಡಂಜನ್ ಮಧ್ಯೆ ಮುಚ್ಚಿದರೆ ಆ ಸುತ್ತಿನ ಗಳಿಕೆ ಹೋಗಬಹುದು. ನಿಂತು ಹೋಗಬೇಕಾದ ನೂಕುನುಗ್ಗಲಿನಲ್ಲಿ ಅಂಗಡಿ ದಿನ ನಡೆಸಿ, ಸೀಟು ಸಿಕ್ಕಾಗ ಡಂಜನ್‌ಗೆ ಇಳಿಯಿರಿ. ಅಲ್ಲಿ ಎರಡೂ ಕೈ ಬೇಕು.

ಬ್ಯಾಟರಿ ಮಾದರಿಯ ಮೇಲೆ ನಿಂತಿದೆ. 2017ರ ಮೊದಲ ಸ್ವಿಚ್‌ಗೆ ಕಂಪನಿ ಹೇಳುವುದು ಸುಮಾರು 2.5ರಿಂದ 6.5 ಗಂಟೆ, 2019ರ ಪರಿಷ್ಕೃತ ಮಾದರಿಗೆ 4.5ರಿಂದ 9, ಚಿಕ್ಕದಾದ ಸ್ವಿಚ್ ಲೈಟ್‌ಗೆ 3ರಿಂದ 7. ಬೆಳಕು ತಗ್ಗಿಸಿ, ಏರೋಪ್ಲೇನ್ ಮೋಡ್ ಹಾಕಿ. ಈ ಆಟಕ್ಕೆ ಇಂಟರ್ನೆಟ್ ಬೇಡ. ಪವರ್ ಬ್ಯಾಂಕ್ ಕೊಳ್ಳುವುದಾದರೆ ಯುಎಸ್‌ಬಿ-ಸಿ ಪಿಡಿ (ಹೆಚ್ಚು ವಿದ್ಯುತ್ ಹರಿಸುವ ‘ಪವರ್ ಡೆಲಿವರಿ’) ಇರುವುದನ್ನೇ ಕೊಳ್ಳಿ. ದುರ್ಬಲವಾದದ್ದು ಹಾಕಿದರೆ ಆಡುವಾಗ ಚಾರ್ಜ್ ಏರುವ ಬದಲು ಇಳಿಯಬಹುದು. ಜೊತೆಗೆ ಇಯರ್‌ಫೋನ್ ಇರಲಿ, ಸಹಪ್ರಯಾಣಿಕರಿಗೆ ನಿಮ್ಮ ಗಲ್ಲಾದ ಸದ್ದು ಬೇಕಿಲ್ಲ. 2021ರ ಸೆಪ್ಟೆಂಬರ್‌ನ 13.0.0 ಅಪ್‌ಡೇಟ್ ನಂತರ ಸ್ವಿಚ್‌ಗೆ ಬ್ಲೂಟೂತ್ ಇಯರ್‌ಫೋನ್ ಕೂಡ ಜೋಡಿಸಬಹುದು.

ಪ್ರಶ್ನೆ: ಕೈ ಮುಟ್ಟದಿದ್ದರೂ ವಿಲ್ ತಾನಾಗಿಯೇ ಎಡಕ್ಕೆ ನಡೆಯುತ್ತಾನೆ.
– ಓದುಗರು, ರಾಜಾಜಿನಗರ

ಉತ್ತರ: ವಿಲ್‌ನನ್ನು ನಡೆಸುವ ಎಡ ಸ್ಟಿಕ್‌ನ ತೊಂದರೆ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ವಿಭಾಗಕ್ಕೆ ಹೋಗಿ ಸ್ಟಿಕ್ ಕ್ಯಾಲಿಬ್ರೇಶನ್ (ಸ್ಟಿಕ್‌ನ ನಡುಸ್ಥಾನ ಸರಿಪಡಿಸುವುದು) ಮಾಡಿ. ಹೋಗದಿದ್ದರೆ ಸ್ಟಿಕ್ ಬದಲಿಸಬೇಕಾಗಬಹುದು. ಯಂತ್ರದ ಬದಿಯಿಂದ ಕಳಚಿ ತೆಗೆಯುವ ಜಾಯ್-ಕಾನ್ ಕಂಟ್ರೋಲರ್ ಆದರೆ ಅದೊಂದನ್ನೇ ರಿಪೇರಿಗೆ ಕೊಟ್ಟರಾಯಿತು. ಲೈಟ್‌ನಲ್ಲಿ ಸ್ಟಿಕ್ ಯಂತ್ರದ ಮೈಗೇ ಅಂಟಿಕೊಂಡಿರುವುದರಿಂದ ಇಡೀ ಯಂತ್ರ ಬಿಚ್ಚಬೇಕು. ರಿಪೇರಿಗೆಂದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರಸ್ತೆಗೆ ಹೋಗುವ ಮುನ್ನ ಸೇವ್ ಆದ ಆಟದ ಬ್ಯಾಕಪ್ ತೆಗೆದುಕೊಳ್ಳಿ.