‘ಆನೆ’ ಈಗಲೇ ಬೇಡ

ಪ್ರಶ್ನೆ: ಮಗ ಡಬಲ್ ಬೇಸ್ (ಪಿಟೀಲಿನಂಥದ್ದೇ ದೊಡ್ಡ ವಾದ್ಯ) ಕಲಿಯುತ್ತಿದ್ದಾನೆ, ಮಗಳು ಪಿಯಾನೊ. ಇಬ್ಬರೂ ಸೇರಿ ನುಡಿಸಲು ಸುಲಭದ್ದು ಏನಿದೆ?
– ಓದುಗರೊಬ್ಬರು, ತುಮಕೂರು

ಉತ್ತರ: ಎಲ್ಲರೂ ಮೊದಲು ಹೇಳುವುದು ಫ್ರೆಂಚ್ ಸಂಯೋಜಕ ಸೇಂ-ಸಾನ್ಸ್ 1886ರಲ್ಲಿ ಡಬಲ್ ಬೇಸ್ ಮತ್ತು ಪಿಯಾನೊಗೆ ಬರೆದ ‘ಆನೆ’. ಅದು ಆಮೇಲೆ ಇರಲಿ ಅಮ್ಮ, ಎಡಗೈ ಜಾಸ್ತಿ ಓಡಾಡಬೇಕು. ಸದ್ಯಕ್ಕೆ ಜಿ ಮೇಜರ್ ಸ್ವರಶ್ರೇಣಿಯಲ್ಲಿರುವ ಚಿಕ್ಕ ಜಾನಪದ ಧಾಟಿಗಳನ್ನು ಹುಡುಕಿ. ಅದರಲ್ಲಿ ಎ, ಡಿ, ಜಿ ಮೂರೂ ಸ್ವರಗಳು ಬೇಸ್‌ನ ಖಾಲಿ ತಂತಿಯಲ್ಲೇ, ಬೆರಳೊತ್ತದೆ, ಸಿಗುತ್ತವೆ. ಒಂದು ಸ್ಥಾಯಿ ಪೂರ್ತಿ ನುಡಿಸಿದರೂ ಕೈ ಜಾರಿಸಬೇಕಿಲ್ಲ. ಶ್ರುತಿ ತಪ್ಪಿದರೆ ಪಿಯಾನೊ ಪಕ್ಕದಲ್ಲೇ ಇದೆ, ಅಲ್ವಾ?

ಇನ್ನೊಂದು. ಬೇಸ್ ಕೇಳಿಸುವುದು ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ. ಪಿಯಾನೊದ ಎಡಗೈಯೂ ಅಲ್ಲೇ ಗುದ್ದಿದರೆ ಎರಡೂ ಕಲಸಿ ಗದ್ದಲ. ಹಿಂದೆ ನಾನು ಹಾಗೆ ಗುಡುಗಿಸಿ, ನನ್ನ ತಮ್ಮ ಕಮಾನು ಕೆಳಗಿಟ್ಟು ಎದ್ದೇ ಹೋಗಿದ್ದ!