ಬಳಗ ಬಿಡದೆ ಊರು ಬಿಡುವುದು

(ಹೆಸರು, ಊರು, ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಸುಮಾಗೆ 26 ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸದು. ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. ಶಿವಮೊಗ್ಗದ ಪ್ರೆಸ್ಸೊಂದರಲ್ಲಿ ಡಿಟಿಪಿ ಕೆಲಸ. ಬೆಂಗಳೂರಿನಲ್ಲಿ ಇದಕ್ಕಿಂತ ಜಾಸ್ತಿ ಸಂಬಳದ ಡಿಸೈನ್ ಕೆಲಸ ಸಿಕ್ಕಿತ್ತು. ಹೋಗುವ ಆಸೆ ಬಹಳ. ಹೋದರೆ ತನ್ನ ಕಿವುಡ ಬಳಗಕ್ಕೆ ದ್ರೋಹ ಮಾಡಿದ ಹಾಗೆ ಎಂಬ ಸಂಕಟವೂ ಅಷ್ಟೇ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆಪ್ತಸಲಹೆಗೆಂದು ನನ್ನ ಬಳಿ ಮೊದಲ ಸಲ ಅಮ್ಮ, ಅಣ್ಣನ ಜೊತೆ ಬಂದಳು. ಆಕೆಯನ್ನು ಕೇಳಿದ್ದಕ್ಕೆಲ್ಲ ಅಮ್ಮನೇ ಉತ್ತರ ಕೊಟ್ಟರು. ಅಣ್ಣನಿಗೆ ಗೊತ್ತಿದ್ದದ್ದು ಊಟ, ದುಡ್ಡು, ಬಾ, ಬೇಡ ಎನ್ನುವಂಥ ನಾಲ್ಕಾರು ಮನೆಸನ್ನೆ. ಮುಂದಿನ ಸಲ ಅವರನ್ನು ಹೊರಗೆ ಕೂರಿಸಿ, ವಿಡಿಯೊ ಕಾಲ್‌ನಲ್ಲಿ ಸನ್ನೆ ಭಾಷೆಯ ಅನುವಾದಕರನ್ನು ಕರೆಸಿದೆ. ಶಿವಮೊಗ್ಗದ ಅನುವಾದಕರು ಬೇಡ ಎಂದದ್ದು ಸುಮಾನೇ. ಇಲ್ಲಿನ ಕಿವುಡರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಗುಟ್ಟು ಉಳಿಯುವುದು ಕಷ್ಟ. ಈ ವಿಷಯದಲ್ಲಿ ಆಪ್ತಸಲಹೆಗಾರರು ತುಂಬಾ ಎಚ್ಚರವಾಗಿರಬೇಕು.

ಮನೆಯ ಬಗ್ಗೆ ಕೇಳಿದಾಗ ಆಕೆ ಹೇಳಿದ್ದು ಅಡಿಕೆ ಸುಲಿಯುವ ರಾತ್ರಿಗಳ ವಿಷಯ. ಕೊಯ್ಲು ಶುರುವಾದರೆ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತಾರು ಜನ ಕೂರುತ್ತಾರೆ. ಕೈಯಲ್ಲಿ ಕೆಲಸ, ಬಾಯಲ್ಲಿ ಮಾತು. ಊರಿನ ಮದುವೆ, ಜಗಳ, ಅಡಿಕೆ ದರ ಎಲ್ಲ ಅಲ್ಲೇ. ಸುಮಾ ಯಾರಿಗೂ ಕಮ್ಮಿಯಿಲ್ಲದಂತೆ ಸುಲಿಯುತ್ತಾಳೆ. ಆದರೆ ಆಕೆಗೆ ಮಾತಾಡಲು ಬೇಕಾದದ್ದೇ ಕೈ. ಎಲ್ಲರೂ ನಕ್ಕಾಗ ಏನೆಂದು ಕೇಳಿದರೆ, ಆಮೇಲೆ ಹೇಳುತ್ತೇನೆ ಎಂದು ಅಮ್ಮ ಕೈ ಆಡಿಸುತ್ತಾರೆ. ಆಮೇಲೆ ಯಾರೂ ಹೇಳುವುದಿಲ್ಲ. ಚಿಕ್ಕಪ್ಪನ ಮಗಳ ಮದುವೆ ನಿಶ್ಚಯವಾದದ್ದು ಆಕೆಗೆ ತಿಳಿದದ್ದು ಲಗ್ನಪತ್ರಿಕೆ ನೋಡಿದ ಮೇಲೆ.

ಭಾನುವಾರ ಶಿವಮೊಗ್ಗದಲ್ಲಿ ಸೇರುವ ಕಿವುಡರ ಬಳಗದಲ್ಲಿ ಹಾಗಲ್ಲ. ಯಾವ ಅಂಗಡಿಯಲ್ಲಿ ಕೆಲಸ ಖಾಲಿ ಇದೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಏನೇನು ಕಾಗದ ಬೇಕು, ಇವೆಲ್ಲ ಒಬ್ಬರಿಗೆ ತಿಳಿದರೆ ಎಲ್ಲರಿಗೂ ತಿಳಿಯಬೇಕು. ಗೊತ್ತಿದ್ದೂ ಹೇಳದಿದ್ದರೆ ಅಲ್ಲಿ ಅದು ದೊಡ್ಡ ತಪ್ಪು. ಸುಮಾಗೆ ಸನ್ನೆ ಹೆಸರು, ಅಂದರೆ ಆಕೆಯನ್ನು ಕರೆಯಲೆಂದೇ ಒಂದು ಸನ್ನೆ, ಕೊಟ್ಟದ್ದೂ ಅವರೇ. ಕನ್ನಡ ಚೆನ್ನಾಗಿ ಬರೆಯುತ್ತಾಳೆಂದು ಬಳಗದ ಬ್ಯಾಂಕ್, ಆಸ್ಪತ್ರೆ, ಆರ್‌ಟಿಒ ಕಾಗದಗಳೆಲ್ಲ ಆಕೆಯ ಕೈಗೇ ಬರುತ್ತಿದ್ದವು. ಬೆಂಗಳೂರಿನ ಸುದ್ದಿ ಹೇಗೋ ಹರಡಿತ್ತು. 'ನಮ್ಮನ್ನು ಬಿಟ್ಟು ಕಿವಿ ಕೇಳುವವರ ಜೊತೆ ಸೇರ್ತೀಯಾ?' ಎಂದು ಹಿರಿಯರೊಬ್ಬರು ಎಲ್ಲರ ಎದುರೇ ಕೇಳಿದ್ದರು.

ಇದನ್ನು ಸುಮ್ನೆ ಮೂಗು ತೂರಿಸುವುದು ಎನ್ನಲು ನನಗೆ ಮನಸ್ಸಾಗದು. ಹೆಚ್ಚಿನ ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಸನ್ನೆ ಭಾಷೆಯಾಗಲಿ ರೀತಿನೀತಿಯಾಗಲಿ ಅವರಿಗೆ ಹೆಚ್ಚಾಗಿ ಸಿಗುವುದು ಬೇರೆ ಕಿವುಡರಿಂದ. 1880ರಲ್ಲಿ ಮಿಲಾನ್‌ನಲ್ಲಿ ನಡೆದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ, ಪಾಠಕ್ಕೆ ಸನ್ನೆ ಬೇಡ, ಬಾಯಿಮಾತೇ ಸಾಕು ಎಂದು ನಿರ್ಣಯಿಸಿತು. ಅಂಥದ್ದೇ ಸಮ್ಮೇಳನ ಆ ನಿರ್ಣಯವನ್ನು ತಳ್ಳಿಹಾಕಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಅಷ್ಟು ಕಾಲ ಈ ಭಾಷೆ ಉಳಿದದ್ದು ಇಂಥ ಬಳಗಗಳಿಂದಲೇ ಅಲ್ವಾ? ಒಬ್ಬರು ದೂರ ಹೋದರೆ ಉಳಿದವರಿಗೆ ಭಯವಾಗುತ್ತದೆ. ಹಾಗಾಗಿ 'ನಿಮ್ಮ ಬದುಕು, ನಿಮ್ಮಿಷ್ಟ' ಎಂದು ಹೇಳಿ ಕಳಿಸುವುದು ನನಗೆ ಸರಿ ಕಾಣಲಿಲ್ಲ. ಬಳಗ ಬೇಡ ಎಂದರೆ ನಿಂತುಬಿಡಿ ಎನ್ನುವುದೂ ಅನ್ಯಾಯ.

ನಾನು ಹೇಳಿದ್ದು ಇಷ್ಟು. ಹೋಗುವುದೋ ಬಿಡುವುದೋ ನಿಮ್ಮೊಬ್ಬರ ತೀರ್ಮಾನ, ಅದನ್ನು ಬಳಗದ ಚರ್ಚೆಗೆ ಇಡಬೇಡಿ. ನೀವು ಮಾಡುತ್ತಿದ್ದ ಕೆಲಸವನ್ನು ಮುಂದೆ ಯಾರು ಮಾಡಬೇಕು ಎಂಬುದು ಬಳಗದ ವಿಷಯ, ಅದನ್ನು ಖಂಡಿತ ಇಡಿ. ನಿರ್ಧಾರ ಆದ ಕೂಡಲೇ ನೀವೇ ಎದುರು ನಿಂತು ಹೇಳಿ. ಅಲ್ಲಿ ಎಲ್ಲರಿಗೂ ನೋವಾಗಿದ್ದು ಸುದ್ದಿ ಸುತ್ತಿ ಬಳಸಿ ಬಂದದ್ದಕ್ಕೆ. ಹೋಗುವುದಾದರೆ ಇಬ್ಬರು ಕಿರಿಯರನ್ನು ಜೊತೆಗೆ ಕೂರಿಸಿಕೊಂಡು ಅರ್ಜಿ ಬರೆಯುವುದು ಕಲಿಸಿ. ವಾರಕ್ಕೊಂದು ಸಂಜೆ ಮಾತ್ರ ವಿಡಿಯೊ ಕಾಲ್‌ಗೆ ಸಿಗುತ್ತೇನೆಂದು ಮೊದಲೇ ಹೇಳಿಬಿಡಿ. ದಿನಾ ಸಿಗುತ್ತೇನೆ ಎಂದರೆ ಅಲ್ಲಿ ಹೋಗಿಯೂ ನಿಮಗೆ ಬಿಡುವಿರುವುದಿಲ್ಲ.

ಮನೆಯವರ ಜೊತೆ ಬೇರೆಯಾಗಿ ಕೂತೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾದದ್ದು 2015ರಲ್ಲಿ. 2021ರಲ್ಲಿ ಬಂದ ಅದರ ವಿಡಿಯೊ ನಿಘಂಟಿನಲ್ಲಿ 10,000 ಪದಗಳಿವೆ. ಅಣ್ಣನಿಗೆ ಫೋನಿನಲ್ಲೇ ತೋರಿಸಿದೆ. ಅವರು ಮೊದಲು ಹುಡುಕಿದ್ದು 'ಮದುವೆ' ಎಂಬ ಸನ್ನೆ. ಅಮ್ಮನಿಗೆ ಹೇಳಿದ್ದು ಒಂದೇ: ಮಗಳ ಪರವಾಗಿ ಉತ್ತರ ಕೊಡಬೇಡಿ, ಆಕೆಗೆ ಮುಖ ಕಾಣುವಂತೆ, ಬೆಳಕಿಗೆ ಎದುರಾಗಿ ಕೂತು ಮಾತಾಡಿ.

ಸುಮಾ ಬೆಂಗಳೂರಿಗೆ ಹೋದಳು. ಅರ್ಜಿಗಳನ್ನು ಈಗ ಇಬ್ಬರು ಹುಡುಗರು ಬರೆಯುತ್ತಾರೆ, ಅನುಮಾನ ಬಂದರೆ ಬುಧವಾರ ಸಂಜೆ ಆಕೆಗೆ ಕಾಲ್ ಮಾಡುತ್ತಾರೆ. ಅಂದು ಎಲ್ಲರ ಎದುರು ಕೇಳಿದ ಹಿರಿಯರು ಇನ್ನೂ ಆಕೆಯ ಮೆಸೇಜಿಗೆ ಉತ್ತರ ಕೊಟ್ಟಿಲ್ಲ. ಮುಂದಿನ ಸಲ ಊರಿಗೆ ಬಂದಾಗ ಮೊದಲು ಅವರ ಮನೆಗೇ ಹೋಗಿ ಎಂದಿದ್ದೇನೆ. ಆಕೆಯೂ ಒಪ್ಪಿದ್ದಾಳೆ.